ಬಿಲ್ಡಿಂಗಿನ ಹಿಂದಿನ ಹೊತ್ತು

ಅಥವಾ ಆಗ ಅಂಗಳದಲ್ಲಿ ಇನ್ನೂ ಬೆಳಕಿತ್ತೇನೋ. ನೆನೆದಾಗಲೆಲ್ಲ ನಾನೇ ಆ ಸಂಜೆಯನ್ನು ಸ್ವಲ್ಪ ಸ್ವಲ್ಪ ಕತ್ತಲು ಮಾಡುತ್ತ ಬಂದಿದ್ದೇನೆ ಎಂಬ ಅನುಮಾನ ನನಗಿದೆ. ಗಡಿಯಾರ ನೋಡಿದ ನೆನಪಂತೂ ಇಲ್ಲ.

ಕಟ್ಟಡದ ಬಗ್ಗೆ ಮಾತ್ರ ಅನುಮಾನವಿಲ್ಲ. ಸಾಂಗ್ಲಿ-ಮಿರಜ ರಸ್ತೆಯ ಅಕ್ಕಪಕ್ಕದ ಹೊಲಗಳೆಲ್ಲ ಪ್ಲಾಟುಗಳಾಗುತ್ತಿದ್ದ ವರ್ಷಗಳವು. ನಮ್ಮ ಮನೆಯ ಪಶ್ಚಿಮಕ್ಕೆ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಒಂದೊಂದು ಸ್ಲ್ಯಾಬ್ ಹಾಕಿದಾಗಲೂ ನಮ್ಮ ಅಂಗಳಕ್ಕೆ ಸಂಜೆ ಇನ್ನಷ್ಟು ಬೇಗ ಬರುತ್ತಿತ್ತು. ತೊಂದರೆಯಾದದ್ದು ಅವ್ವನಿಗೆ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಅವ್ವ ಊಟವಿರಲಿ, ನೀರನ್ನೂ ಮುಟ್ಟುತ್ತಿರಲಿಲ್ಲ. ಪಂಚಾಂಗದಲ್ಲಿ ಸೂರ್ಯಾಸ್ತದ ವೇಳೆ ಇದೆಯಲ್ಲ ಎಂದು ಅಪ್ಪ ಅಂದರೆ, ಅಂಗಳದ ಗೋಡೆಯ ಮೇಲಿನ ಬಿಸಿಲು ಹೋಯಿತೆಂದರೆ ಹೊತ್ತೂ ಹೋಯಿತು ಎನ್ನುವಳು.

ಅವಳಿಗೆ ಸಕ್ಕರೆ ಕಾಯಿಲೆ. ಮಿರಜದ ಡಾಕ್ಟರು ಕೊಟ್ಟ ಗುಳಿಗೆಯನ್ನು ಸಂಜೆಯ ಊಟಕ್ಕೆ ಮುಂಚೆ ನುಂಗಬೇಕಿತ್ತು. ಅವ್ವನ ತಂಗಿ, ನಮ್ಮ ಮಾವಶಿ, ಬೇಡಗದಿಂದ ಬಂದು ಆಗ ನಮ್ಮಲ್ಲೇ ಇದ್ದಳು. ಅವಳಿಗೆ ಗುಳಿಗೆಯ ಮೇಲೆ ನಂಬಿಕೆಯಿಲ್ಲ. "ಹೊಟ್ಟಿ ಅಂದ್ರ ಔಷಧದ ಅಂಗಡಿ ಅಲ್ಲಕ್ಕಾ" ಎಂದು ಹಂಗಿಸುತ್ತ ಹಾಗಲಕಾಯಿ ರಸ ಹಿಂಡಿ ಕೊಡುವಳು. ಅವ್ವನಿಗೆ ಯಾರ ಮನಸ್ಸನ್ನೂ ನೋಯಿಸಲಾಗದು. ಗುಳಿಗೆ ಬಿಟ್ಟಿದ್ದೇನೆ ಎಂದು ಮಾವಶಿಗೆ ಹೇಳಿದಳು. ರಸದ ವಿಷಯ ಡಾಕ್ಟರಿಗೆ ಹೇಳಲೇ ಇಲ್ಲ. ಎರಡನ್ನೂ ತೆಗೆದುಕೊಳ್ಳುತ್ತಿದ್ದಳು.

ಆ ದಿನವೂ ಎರಡನ್ನೂ ತೆಗೆದುಕೊಂಡು ಇನ್ನೇನು ಊಟಕ್ಕೆ ಕೂರಬೇಕು, ಬುಧಗಾಂವದ ನೆಂಟರು ಬಂದರು. ಚಹಾ ಆಯಿತು, ಯಾರದೋ ಲಗ್ನದ ಮಾತಾಯಿತು. ಅವರು ಎದ್ದು ಹೋಗುವಷ್ಟರಲ್ಲಿ ಗೋಡೆಯ ಮೇಲೆ ಬಿಸಿಲಿರಲಿಲ್ಲ. ಅವ್ವ ತಾಟು ಮುಚ್ಚಿಟ್ಟಳು.

ಸ್ವಲ್ಪ ಹೊತ್ತಿಗೆ ಅವಳ ಕೈ ನಡುಗತೊಡಗಿತು. ಕುಪ್ಪಸ ಬೆವರಿನಿಂದ ತೊಯ್ದಿತು, ನಾಲಿಗೆ ತೊದಲಿತು. ಅಪ್ಪ ಮನೆಯಲ್ಲಿರಲಿಲ್ಲ. ಗುಳಿಗೆ ನುಂಗಿದ್ದೀಯಾ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದಳು. ಆಗ ಮಾವಶಿಯ ಮುಖ ಹೇಗಾಯಿತು ಎಂದು ನಾನು ಬರೆಯಬಲ್ಲೆ, ಆದರೆ ನಿಜವಾಗಿ ಅವಳ ಕಡೆ ನೋಡಿದೆನೇ? ನೋಡಿದ್ದು ಅವ್ವನ ತುಟಿಗಳನ್ನು. ಮೈಯ ಸಕ್ಕರೆ ಇಳಿದಿದೆಯೆಂದು ಸಕ್ಕರೆ ನೀರಿನ ಲೋಟ ಹಿಡಿದರೆ ಬಿಗಿದುಕೊಂಡವು.

"ಹೊತ್ತು ಮುಳುಗೇತಿ. ನನಗ ಬ್ಯಾಡ."

ಮಾವಶಿ ಮಾಳಿಗೆಗೆ ಓಡಿದಳು. ಮೇಲಿನಿಂದ ದನಿ ಬಂತು.

"ಅಕ್ಕಾ, ಇನ್ನೂ ಐತಿ. ಬಿಲ್ಡಿಂಗಿನ ಹಿಂದ ಐತಿ. ಕುಡಿ."

"ನೀ ಕಂಡೀಯೇನು?" ಅವ್ವನ ದನಿ ಮೆಟ್ಟಿಲವರೆಗೂ ಹೋಗುವಂತಿರಲಿಲ್ಲ. ನಾನೇ ಅದನ್ನು ಕೂಗಿ ಕೇಳಿದೆ.

"ಕಂಡೇನಿ. ಕುಡಿಯಕ್ಕಾ."

ಅವ್ವ ಕುಡಿದಳು.

ಮರುದಿನ ಮಿರಜಕ್ಕೆ ಹೋದೆವು. ಅಥಣಿ, ರಾಯಬಾಗದ ಕಡೆಯ ರೋಗಿಗಳ ನಡುವೆ ಬೆಂಚಿನ ಮೇಲೆ ಮಾವಶಿ ರಸದ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತಿದ್ದಳು. ಒಳಗೆ ಹೋದಾಗ ಅದನ್ನು ತೆಗೆದು ತೋರಿಸಿದಳು. ಡಾಕ್ಟರು ಬೈಯಲಿಲ್ಲ. ಅಡುಗೆಯಲ್ಲಿ ಮೆಂತ್ಯ ಇರಲಿ, ನಡಿಗೆ ಇರಲಿ, ರಸ ಸದ್ಯಕ್ಕೆ ಬೇಡ, ತಾಟು ಮುಂದೆ ಬಂದ ಮೇಲೆಯೇ ಗುಳಿಗೆ, ಇನ್ನು ಮುಂದೆ ಏನು ತೆಗೆದುಕೊಂಡರೂ ನನಗೆ ಹೇಳಬೇಕು ಎಂದು ಮರಾಠಿಯಲ್ಲಿ ಹೇಳಿ ಕಳಿಸಿದರು.

ಮನೆಗೆ ಬಂದ ಮೇಲೆ ಅವ್ವ ಕೆಲವು ದಿನ ಉಪ್ಪು ಬಿಟ್ಟಳು. ವ್ರತ ತಪ್ಪಿದರೆ ಹೀಗೆ ಒಂದು ರುಚಿ ಬಿಡುವವರು ನಮ್ಮಲ್ಲಿದ್ದಾರೆ. ಯಾಕೆಂದು ಕೇಳಿದ್ದಕ್ಕೆ "ಬಿ.ಪಿ.ಗೆ ಛಲೋ ಅಂತಾರ" ಅಂದಳು. ಮಾವಶಿಯೂ ಬಿಟ್ಟಳು. ಅವಳಿಗೆ ಬಿ.ಪಿ. ಇರಲಿಲ್ಲ. ಮಾವಶಿಯ ಉಪ್ಪಿನ ಮಾತು ಆಮೇಲೆ ನಾನೇ ಸೇರಿಸಿಕೊಂಡದ್ದೂ ಇರಬಹುದು.

ಇಂದಿಗೂ ಯಾರಾದರೂ ಗುಳಿಗೆ ನುಂಗಿ ಊಟ ತಡ ಮಾಡಿದರೆ ನಾನೇ ತಾಟು ತಂದು ಅವರ ಮುಂದಿಡುತ್ತೇನೆ. ಆ ಸಂಜೆ ಕಟ್ಟಡದ ಹಿಂದೆ ಹೊತ್ತು ಇತ್ತೋ ಇಲ್ಲವೋ, ಅವ್ವ ನಂಬಿ ಕುಡಿದಳೋ, ಸುಳ್ಳೆಂದು ತಿಳಿದೂ ಕುಡಿದಳೋ, ನನಗೆ ಗೊತ್ತಿಲ್ಲ. ನಾನು ಮೇಲೆ ಹೋಗಿ ನೋಡಲಿಲ್ಲ.