ಶಾಂತಕ್ಕ ನನ್ನ ನ್ಯೂಸ್‌ಲೆಟರ್ ಬಿಟ್ಟರು

ಶಾಂತಕ್ಕ ನನ್ನ ನ್ಯೂಸ್‌ಲೆಟರ್ ಅನ್‌ಸಬ್‌ಸ್ಕ್ರೈಬ್ ಮಾಡಿದ್ದಾರೆ ಅಂತ ಶುಕ್ರವಾರ ಬೆಳಿಗ್ಗೆ ಮೇಲ್ ಬಂತು. ಚಹಾ ಆರಿಹೋಗುವವರೆಗೂ ಅದನ್ನೇ ನೋಡುತ್ತಾ ಕೂತೆ.

ಪತ್ರಿಕೆಯ ಕೆಲಸ ಬಿಟ್ಟ ಮೇಲೆ, ಹೈದರಾಬಾದಿನ ಕನ್ನಡದವರ ಬಗ್ಗೆ ಪ್ರತಿ ಭಾನುವಾರ ಒಂದು ಬರಹ ಬರೆದು ಮೇಲ್‌ನಲ್ಲಿ ಕಳಿಸುತ್ತೇನೆ. ಅದಕ್ಕೆ ಮೊಟ್ಟಮೊದಲು ಸೇರಿದವರು ಶಾಂತಕ್ಕ. ಬೀದರ್ ಕಡೆಯವರು, ಮನೆ ಮಿಯಾಪುರದಲ್ಲಿ.

ಬೇರೆಯವರು ಒಂದು ಹಾರ್ಟ್ ಒತ್ತಿ ಸುಮ್ಮನಾಗುತ್ತಾರೆ. ಇವರು ಮಾತ್ರ ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸಿ, ಎಲ್ಲಿ ಚೆನ್ನಾಗಿದೆ, ಎಲ್ಲಿ ಸುಮ್ಮನೆ ಎಳೆದಿದ್ದೇನೆ ಅಂತ ಬಿಡಿಸಿ ಹೇಳಿ ಬೈಯುತ್ತಿದ್ದರು.

ನಿಜ ಹೇಳಬೇಕೆಂದರೆ ನಾನು ಬರೆಯುತ್ತಿದ್ದದ್ದೇ ಆ ಬೈಗುಳಕ್ಕೆ. ಅವರೇ ಹೋದರೆ ಇನ್ಯಾರಿಗೆ ಬರೆಯಲಿ?

ಮಾರನೇ ದಿನ ನಮ್ಮ ಓದುಗರ ರಿಟ್ರೀಟ್ ಬೇರೆ ಇತ್ತು. ರಿಟ್ರೀಟ್ ಅಂದ ತಕ್ಷಣ ರೆಸಾರ್ಟ್ ಅಂದುಕೊಳ್ಳಬೇಡಿ... ಕೊಂಡಾಪುರದಲ್ಲಿ ಗೆಳತಿಯ ಅಪಾರ್ಟ್‌ಮೆಂಟಿನ ಕಮ್ಯುನಿಟಿ ಹಾಲ್, ನೆಲಕ್ಕೆ ಜಮಖಾನೆ. ಬೆಳಿಗ್ಗೆ ಎಲ್ಲರೂ ಕೂತು ಬರೆಯುವುದು, ಮಧ್ಯಾಹ್ನ ಬರೆದದ್ದನ್ನು ಓದುವುದು. ಅಷ್ಟೇ.

ಶಾಂತಕ್ಕ ಬರುವುದಿಲ್ಲ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಬಂದು ಕೂತಿದ್ದಾರೆ.

ನನಗೋ ಒಳಗೊಳಗೇ ಸಿಟ್ಟು. ನನ್ನ ಬರಹ ಬೇಡ, ನನ್ನ ರಿಟ್ರೀಟ್ ಬೇಕಾ ಅಂತ.

"ಆರಾಮ ಅದಿಯೇನವಾ?" ಅಂತ ಅವರು ಕೇಳಿದರೆ ಮುಖ ಗಂಟು ಹಾಕಿಕೊಂಡೇ "ಹ್ಞೂಂ" ಅಂದೆ. ರೊಟ್ಟಿ ಮಾತ್ರ ಬಿಡಲಿಲ್ಲ, ಸುಳ್ಳು ಯಾಕೆ ಹೇಳಲಿ.

ಊಟದ ಹೊತ್ತಿಗೆ ತಡೆಯಲಾಗದೆ ಕೇಳಿಯೇಬಿಟ್ಟೆ. "ಅಕ್ಕಾರ, ನಂದು ಓದಿ ಓದಿ ಬ್ಯಾಸರ ಬಂತೇನ್ರಿ? ಅನ್‌ಸಬ್‌ಸ್ಕ್ರೈಬ್ ಮಾಡೀರಲ್ಲ."

ಅವರ ಮುಖ ಪೆಚ್ಚಾಯಿತು. "ಅಯ್ಯ, ಅದು ನಿನಗ ಗೊತ್ತಾಗತೈತೇನ?"

ಆಮೇಲೆ ಮೆಲ್ಲಗೆ ಹೇಳಿದರು. "ಸಿಟ್ಟಾಗಬ್ಯಾಡವಾ. ನಾನೂ ಬರಿಯಾಕತ್ತೀನಿ. ನಿಂದು ಓದಿದ ಮ್ಯಾಲೆ ಏನ್ ಬರದ್ರೂ ನಿನ್ನಂಗ ಆಗತೈತಿ, ನಂದು ಅನ್ನೂದು ಎಲ್ಲೂ ಕಾಣಂಗಿಲ್ಲ. ಅದಕ್ಕ ಸ್ವಲ್ಪ ದಿನ ಬಿಟ್ಟೀನಿ."

ನಾನು ಇನ್ನೊಂದು ರೊಟ್ಟಿ ಮುರಿದುಕೊಂಡೆ.

ಮಧ್ಯಾಹ್ನ ಅವರ ಸರದಿ ಬಂತು. ಹಾಳೆ ಬಿಡಿಸಿ ಓದತೊಡಗಿದರು.

ತರಕಾರಿಯವನ ಹತ್ತಿರ ತೆಲುಗು, ಆಟೋದವನ ಹತ್ತಿರ ಹಿಂದಿ. ದಿನವಿಡೀ ಬಾಯೊಳಗೇ ಉಳಿದ ಕನ್ನಡವನ್ನೆಲ್ಲ ಸಂಜೆ ಮನೆಗೆ ಬಂದು ಗಂಡನ ಮೇಲೆ ಸುರಿಯುವುದು... ಇದು ಅವರ ಬರಹ. ಹಾಲ್‌ನಲ್ಲಿದ್ದವರೆಲ್ಲ ನಕ್ಕು ನಕ್ಕು ಸುಸ್ತು.

ಕೊನೆಯ ಪ್ಯಾರಾ ಬಂತು. ಯಜಮಾನರು ತೀರಿಕೊಂಡ ಮೇಲೆ ಅಷ್ಟು ಕನ್ನಡವನ್ನು ಎಲ್ಲಿ ಸುರಿಯಬೇಕೋ ತಿಳಿಯದೆ ಬರೆಯಲು ಕೂತೆ, ಅಂತ ಓದಿ ಹಾಳೆ ಮಡಚಿಟ್ಟರು.

ಅದರಲ್ಲಿ ಒಂದು ಸಾಲೂ ನನ್ನ ಹಾಗಿರಲಿಲ್ಲ. ನಾನು ಎದ್ದು ಹೋಗಿ ಅವರ ಪಕ್ಕ ಕೂತೆ, ಕಣ್ಣು ತುಂಬಿತ್ತು.

ಈ ಭಾನುವಾರ ಶಾಂತಕ್ಕನ ಸ್ವಂತ ನ್ಯೂಸ್‌ಲೆಟರ್ ಬಂದಿದೆ. ಓದಿ ಮುಗಿಸಿ ನನ್ನದನ್ನು ಬರೆಯಲು ಕೂತರೆ ಏನೂ ಹೊರಡುತ್ತಿಲ್ಲ.

ನಿಮಗೆ ತುಂಬಾ ಬೇಕಾದ ಓದುಗರೊಬ್ಬರು ನಿಮಗಿಂತ ಚೆನ್ನಾಗಿ ಬರೆದುಬಿಟ್ಟರೆ ನಿಮಗೆ ಖುಷಿಯಾಗುತ್ತಾ, ಹೊಟ್ಟೆಕಿಚ್ಚಾಗುತ್ತಾ? ನನಗಂತೂ ಎರಡೂ ಆಗಿದೆ, ಖುಷಿ ಸ್ವಲ್ಪ ಜಾಸ್ತಿ.