ಒಡ್ಡು ದಾಟಿಸಿದ ಹತ್ತುಮೀನು

ಭದ್ರಾವತಿಯ ಓಲ್ಡ್ ಟೌನಿಗೆ ನಾನು ಸೊಸೆಯಾಗಿ ಬಂದ ವರ್ಷವೇ ಊರಿನ ಮೇಲ್ಗಡೆ ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿ ಮುಗಿಸಿದ್ದರು. ಯುದ್ಧದ ಸುದ್ದಿ ಬಾಯಿಂದ ಬಾಯಿಗೆ ಹರಿದಾಡುತ್ತಿದ್ದ ಕಾಲ. ನನ್ನ ತವರು ಕುಂಸಿ ಕಡೆ; ಅಪ್ಪ ಕೆರೆಯಲ್ಲಿ ಬಲೆ ಬಿಡುತ್ತಿದ್ದವರು. ಮೀನಿನ ವಿಷಯ ನನಗೆಲ್ಲ ಗೊತ್ತು ಅಂದುಕೊಂಡೇ ಗಂಡನ ಮನೆ ಹೊಸ್ತಿಲು ದಾಟಿದ್ದೆ.

ಹೊಳೆಯ ಕಸುಬು ಬೇರೆಯೇ ಎಂದು ತೋರಿಸಿಕೊಟ್ಟವರು ನಮ್ಮತ್ತೆ. ಮುಂಗಾರಿನ ಮೊದಲ ಕೆಂಪು ನೀರು ಇಳಿದು ಬಂದಾಗ ಮೊಟ್ಟೆ ತುಂಬಿದ ಮೀನು ಆ ನೀರಿಗೆ ಎದುರಾಗಿ ಮೇಲಕ್ಕೆ ಹತ್ತುತ್ತದೆ. ಅದಕ್ಕೇ ಹತ್ತುಮೀನು ಅನ್ನುವುದು. ಮೇಲಿನ ಮಡುಗಳ ಹರಳುಕಲ್ಲಿನಲ್ಲಿ ಅದು ಮೊಟ್ಟೆ ಇಡಬೇಕು, ಆ ಮರಿ ದೊಡ್ಡದಾಗಬೇಕು. ಆಗಲೇ ವರ್ಷವಿಡೀ ನಮ್ಮ ಬಲೆಗೆ ಕೆಲಸ.

ಆ ವರ್ಷ ಹತ್ತಿ ಬಂದ ಮೀನು ಒಡ್ಡಿನ ಬುಡಕ್ಕೆ ಬಂದು ನಿಂತುಬಿಟ್ಟಿತು. ಹಾರುವುದು, ಕಲ್ಲಿಗೆ ಬಡಿದು ಬೀಳುವುದು, ಮತ್ತೆ ಹಾರುವುದು. ಊರಿನವರು ಪಂಚೆ, ಮಂಕರಿ ಹಿಡಿದು ಇಳಿದರು. ನನ್ನ ಗಂಡನೂ ಬಲೆ ಹೆಗಲಿಗೇರಿಸಿದರು. ಅತ್ತೆ ಆ ಬಲೆ ಎಳೆದುಕೊಂಡು ಅದರ ಮೇಲೆಯೇ ಕೂತುಬಿಟ್ಟರು.

"ಇವತ್ತು ಇದನ್ನ ಹಿಡಿದ್ರೆ ಬರೋ ವರ್ಷ ಮಡೂಲಿ ಏನು ಹಿಡೀತೀಯ ಮಾರಾಯ, ಕಲ್ಲಾ?"

"ಊರೇ ಹಿಡೀತಿದೆ. ನಾವೊಬ್ರು ಬಿಟ್ರೆ ಒಡ್ಡು ಕರಗುತ್ತಾ?"

"ಕರಗಲ್ಲ. ಅದಕ್ಕೇ ಹೊತ್ತು ದಾಟಿಸ್ತೀನಿ."

ಗಂಡ ನಕ್ಕು ಹೊರಟುಹೋದರು. ಅತ್ತೆಯೂ ನಾನೂ ಬಿದಿರಿನ ಕಾವಡಿಗೆ ಎರಡು ಮಣ್ಣಿನ ಗುಡಾಣ ಕಟ್ಟಿಕೊಂಡು ಇಳಿದೆವು. ಒಣಗಿದ ಕೈಯಲ್ಲಿ ಮೀನು ಮುಟ್ಟುವಂತಿಲ್ಲ, ಮೈಯ ಲೋಳೆ ಹೋಗುತ್ತದೆ. ಗಾಜಿನ ಬಳೆ ಅದರ ಹೊಟ್ಟೆ ಗೀರಬಾರದೆಂದು ಅತ್ತೆ ನನ್ನ ಮುಂಗೈಗೆ ಒದ್ದೆ ಬಟ್ಟೆ ಸುತ್ತಿದರು. ಮಡು ಇದ್ದದ್ದು ಮೈಲಿ ದೂರ. ಒಡ್ಡಿನ ಮೇಲೆ ಹತ್ತಿ ನೋಡಿದರೆ ನೀರು ನನ್ನ ತವರೂರ ಕೆರೆಯ ಹಾಗೆ ತೆಪ್ಪಗೆ ನಿಂತಿದೆ. ಇಷ್ಟು ದೊಡ್ಡ ನೀರಿರುವಾಗ ಮಡುವಿನ ತನಕ ಯಾಕೆ ಹೊರಬೇಕು, ಇಲ್ಲೇ ಬಿಟ್ಟರೆ ತಾವೇ ಹೋಗುತ್ತವೆ ಎಂದೆ. ಅತ್ತೆಗೆ ಸೊಂಟ ಸೋತಿತ್ತು, ಒಪ್ಪಿದರು. ಎರಡು ದಿನ ಅಲ್ಲೇ, ಗದ್ದೆ ನಾಲೆಗೆ ನೀರು ಬಿಡುವ ತೂಬಿನ ಪಕ್ಕದಲ್ಲೇ ಬಿಟ್ಟೆವು.

ಮೂರನೆಯ ದಿನ ತೂಬಿನ ಕಾವಲುಗಾರ ಕರೆದ. ತಮಿಳು ಕಡೆಯವನು, ಕುಶಾಲಿನ ಮನುಷ್ಯ. "ಯಮ್ಮಾ, ಮೀನನ್ನ ಹೊಳೆ ದಾಟಿಸ್ತಾ ಇದೀರೋ, ಗದ್ದೆಗೆ ನಾಟಿ ಮಾಡ್ತಾ ಇದೀರೋ?" ತೂಬಿನ ಸೆಳೆತಕ್ಕೆ ಸಿಕ್ಕಿ ನಾವು ಬಿಟ್ಟದ್ದೆಲ್ಲ ನಾಲೆ ಪಾಲಾಗಿ, ಗದ್ದೆಯ ಕೆಸರಿನಲ್ಲಿ ಬಾಯಿ ಬಿಡುತ್ತಿತ್ತು. ನನಗೆ ಮುಖ ಎತ್ತಲಾಗಲಿಲ್ಲ. ಅತ್ತೆ ಬಯ್ಯಲಿಲ್ಲ. ಕೆರೆ ನೀರು ನಿಜವಾಗಿ ನಿಂತಿರುತ್ತದೆ, ಇದು ನಿಂತ ಹಾಗೆ ನಟಿಸುತ್ತದೆ ಎಂದರು, ಅಷ್ಟೇ.

ಎಂಟು ದಿನ ತೂಬು ಮುಚ್ಚಪ್ಪಾ ಎಂದು ಕೇಳಿದರೆ ಕಾವಲುಗಾರ, ಶಿವಮೊಗ್ಗದಿಂದ ಆರ್ಡರ್ ಬರಬೇಕು ಅಂದ. ಮರುದಿನ ಬೆಳಗಿನ ರೈಲಿಗೆ ಇಬ್ಬರೂ ಹೊರಟೆವು. ನೀರಾವರಿ ಕಚೇರಿಯ ಜಗುಲಿಯಲ್ಲಿ ಮಧ್ಯಾಹ್ನದವರೆಗೆ ಕೂತೆವು. ನಾಳೆ ಬನ್ನಿ ಎಂದ ಜವಾನನಿಗೆ ಅತ್ತೆ, ನಾಳೆಗೆ ಮೀನು ಕಾಯುವುದಿಲ್ಲ ಎಂದು ಹೇಳಿ ಅಲ್ಲಾಡದೆ ಕೂತರು. ಕೊನೆಗೆ ಸಾಹೇಬರೇ ಕರೆಸಿದರು. ಒಡ್ಡು ಒಡೆಯುವ ಮಾತೇ ಇಲ್ಲ ಎಂದು ಮೊದಲೇ ಹೇಳಿಬಿಟ್ಟರು. ಮಳೆ ಸುರಿಯುವಾಗ ಗದ್ದೆಗೆ ನಾಲೆ ನೀರು ಯಾಕೆ ಬೇಕು ಎಂದು ಅತ್ತೆ ಕೇಳಿದರು. ಸಾಹೇಬರು ಪೆನ್ನು ಕೆಳಗಿಟ್ಟು, ಮೀನು ತೂಬಿಗೇ ಬೀಳುತ್ತದೆಂದು ಹೇಗೆ ಗೊತ್ತು ಎಂದರು.

ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. ನನ್ನ ತಪ್ಪನ್ನು ಅವರು ಹೇಳುವುದಿಲ್ಲವೆಂದು ಗೊತ್ತಾಗಿ ನಾನೇ ಬಾಯಿಬಿಟ್ಟೆ.

"ತೂಬಿನ ಪಕ್ಕ ಬಿಡೋಣ ಅಂದಿದ್ದು ನಾನು ಸ್ವಾಮಿ. ಎರಡು ದಿನದ ಮೀನು ಗದ್ದೇಲಿ ಸತ್ತಿದೆ. ಬೇಕಾದ್ರೆ ಬಂದು ನೋಡಿ."

ಅವರು ನೋಡಲು ಬರಲಿಲ್ಲ. ಎಂಟಲ್ಲ, ಆರು ದಿನ ತೂಬು ಮುಚ್ಚಲು ಚೀಟಿ ಬರೆದುಕೊಟ್ಟರು.

ಆ ಆರು ದಿನ ಮೈಲಿ ದೂರದ ಮಡುವಿಗೇ ಹೊತ್ತೆವು. ಅರ್ಧ ದಾರಿಯಲ್ಲಿ ಗುಡಾಣದ ನೀರು ಬದಲಿಸಬೇಕು. ಮಡುವಿನಲ್ಲಿ ಮೀನನ್ನು ಹರಿವಿಗೆ ಮುಖಮಾಡಿ ಹಿಡಿದಿರಬೇಕು, ಅದು ತಾನಾಗಿ ಕೈಯಿಂದ ಕಿತ್ತುಕೊಳ್ಳುವ ತನಕ. ಮೂರನೆಯ ದಿನ ಗಂಡ ಬಂದು ಅತ್ತೆಯ ಹೆಗಲಿನ ಕಾವಡಿ ತೆಗೆದುಕೊಂಡರು. ಒಡ್ಡಿನ ಕೆಳಗೆ ಹಿಡಿಯುತ್ತಿದ್ದವರು ನಗುತ್ತಿದ್ದರು. ಅವರಲ್ಲಿ ಇಬ್ಬರು ಕೊನೆಯ ದಿನ ತಮ್ಮ ಮಂಕರಿಯ ಜೀವಂತ ಮೀನನ್ನು ನಮ್ಮ ಗುಡಾಣಕ್ಕೆ ಸುರಿದರು.

ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಮಡುವಿಗೆ ಹೋದೆವು. ಅಂಚಿನಲ್ಲಿ ಬೆರಳುದ್ದದ ಮರಿಗಳು. ಅತ್ತೆ ಬಹಳ ಹೊತ್ತು ಬಗ್ಗಿ ನೋಡಿ, ಹಿಂದಿನ ವರ್ಷಗಳ ಕಾಲು ಭಾಗವೂ ಇಲ್ಲ ಎಂದರು. ಗಂಡ ಕತ್ತಿ ತೆಗೆದುಕೊಂಡು ದಡದ ಬಿದಿರಿನ ಮೆಳೆಗೆ ನುಗ್ಗಿದರು. ಮುಂದಿನ ಮುಂಗಾರಿಗೆ ನಾಲ್ಕು ಕಾವಡಿಯಾದರೂ ಬೇಕಿತ್ತು.