ಮಣ್ಣಿಗೆ ಹೋಗಿ ಬಂದದ್ದು

ತಾಮ್ರದ ತಂಬಿಗೆಯನ್ನು ಕೈಚೀಲಕ್ಕೆ ಹಾಕಿಕೊಂಡು ಕುಂದಗೋಳದ ನಮ್ಮ ಮನೆಗೆ ಕೀಲಿ ಹಾಕುತ್ತಿದ್ದೆ. ಬಾಜೂ ಮನೆಯ ಗಂಗವ್ವ ಎಂದಿನಂತೆ ಕೇಳಿದಳು, "ಎಲ್ಲಿಗೆ ಹೊಂಟ್ರಿ ಅಕ್ಕೋರ?"

"ಗುಡಗೇರಿ ಕಡೆ, ಮಣ್ಣಿಗೆ."

"ಅಯ್ಯ ಶಿವನ, ಯಾರು ಹೋದ್ರು?"

ತಪ್ಪು ನನ್ನದೇ. ನಮ್ಮ ಕಡೆ ಮಣ್ಣಿಗೆ ಹೋಗುವುದೆಂದರೆ ಸತ್ತವರನ್ನು ಹೂಳುವಾಗ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರುವುದು. ನಾನು ಹೊರಟಿದ್ದು ನಿಜವಾದ ಮಣ್ಣು ತರಲು. ಕೊರೊನಾ ಕಾಲದಲ್ಲಿ ಜನರ ಸೇವೆ ಮಾಡುತ್ತಲೇ ತೀರಿಕೊಂಡವರ ನೆನಪಿಗೆ ನಮ್ಮ ಹಿರಿಯರ ಬಳಗ ಊರ ಹೊರಗೆ ಒಂದು ತೋಟ ಮಾಡಿತ್ತು. ಒಬ್ಬೊಬ್ಬರ ಹೆಸರಿಗೆ ಒಂದೊಂದು ಸಸಿ, ಅದರ ಬುಡಕ್ಕೆ ಅವರ ಮನೆಯಂಗಳದ ಮಣ್ಣು. ಸಮಾರಂಭ ಅದೇ ಸಂಜೆ ನಾಲ್ಕಕ್ಕೆ. ನಿವೃತ್ತ ಶಿಕ್ಷಕಿ, ಹೇಗೂ ಖಾಲಿ ಕುಳಿತಿದ್ದಾಳೆ ಎಂದು ಬಳಗದ ಅಧ್ಯಕ್ಷರು ನೀಲವ್ವ ಎಂಬವಳ ಹೆಸರಿನ ತಂಬಿಗೆಯನ್ನು ನನಗೆ ಹಚ್ಚಿದ್ದರು. ಇದನ್ನೆಲ್ಲ ಗಂಗವ್ವನಿಗೆ ಬಿಡಿಸಿ ಹೇಳುತ್ತ ನಿಂತರೆ ಬಸ್ಸು ತಪ್ಪುತ್ತಿತ್ತು. ಬಂದು ಹೇಳುತ್ತೇನೆ ಎಂದು ಹೊರಟೆ.

ಗುಡಗೇರಿಗೆ ಇಪ್ಪತ್ತು ಕಿಲೋಮೀಟರಿನ ಆಚೀಚೆ. ಆಧಾರ್ ಕಾರ್ಡು ತೋರಿಸಿದರೆ ಹೆಣ್ಣುಮಕ್ಕಳಿಗೆ ಟಿಕೆಟ್ಟು ಬಿಟ್ಟಿ. ಕೂರಲು ಜಾಗ ಮಾತ್ರ ಯಾವ ಕಾರ್ಡು ತೋರಿಸಿದರೂ ಇಲ್ಲ. ಸಂಶಿಯವರೆಗೆ ಯಾರದೋ ಮೆಣಸಿನಕಾಯಿ ಚೀಲಕ್ಕೆ ಒರಗಿ ಸೀನುತ್ತ ನಿಂತೆ. ಹೊರಗೆ ಚಳಿಗಾಲದ ಎಳೆಬಿಸಿಲು, ಎರೆಹೊಲಗಳಲ್ಲಿ ಕಡಲೆ ಕಾಯಿ ಕಟ್ಟಿತ್ತು. ಗುಡಗೇರಿಯಲ್ಲಿ ಚುರುಮುರಿ, ಮಿರ್ಚಿ ತಿಂದು, ಇಪ್ಪತ್ತು ರೂಪಾಯಿ ಕೊಟ್ಟು ಟಂಟಂ ರಿಕ್ಷಾದಲ್ಲಿ ನೀಲವ್ವನ ಹಳ್ಳಿ ಸೇರಿದೆ.

ನೀಲವ್ವ ಆ ಊರಿನ ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗಿ ಜ್ವರ ನೋಡಿ, ಗುಳಿಗೆ ಕೊಟ್ಟು, ಕೊನೆಗೆ ಅದೇ ಜ್ವರ ಹತ್ತಿಸಿಕೊಂಡು ಹೋದವಳು. ಊರ ಅಗಸಿ ಬಾಗಿಲಿಗೆ ಅವಳ ಹೆಸರಿನ ದೊಡ್ಡ ಬ್ಯಾನರು ಕಟ್ಟಿದ್ದರು. ಅದರ ತುಂಬ ಮುಖಂಡರ ಮುಖಗಳು, ಮೂಲೆಯಲ್ಲಿ ರೇಶನ್ ಕಾರ್ಡಿನ ಫೋಟೊದಷ್ಟು ನೀಲವ್ವ. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, "ಅಗದಿ ದೊಡ್ಡ ಜೀವ ರೀ ಅದು, ನಮ್ಮೂರ ಹೆಸರು ಉಳಿಸ್ತು," ಎಂದರು. ಮನೆ ಯಾವುದೆಂದು ಕೇಳಿದೆ. ಕೂತಲ್ಲಿಂದಲೇ ಬೆರಳು ತೋರಿಸಿದರು.

ಗಂಡ ಬಸಪ್ಪ ಅಂಗಳದಲ್ಲಿ ಕುಳಿತು ಕುಡುಗೋಲು ಮಸೆಯುತ್ತಿದ್ದ. ನಾನು ಬಂದ ಕಾರಣ ಹೇಳಿದೆ. ಅವನು ತಂಬಿಗೆಯನ್ನೇ ನೋಡಿದ.

"ಅಕಿ ಮಣ್ಣಿಗೆ ಒಬ್ಬರೂ ಬರಲಿಲ್ರಿ. ಈಗ ಮಣ್ಣ ಒಯ್ಯಾಕ ಬಂದೀರಿ."

ಅವನ ತಾಯಿ ಚಹಾ ತಂದಿಟ್ಟರು. ಅವನೇ ಮುಂದೆ ಹೇಳಿದ. ನೀಲವ್ವನಿಗೆ ಜ್ವರ ಬಂದ ದಿನ ಓಣಿಯವರು ಯಾರೂ ಹೊರಬರದಂತೆ ಮನೆಯ ಮುಂದೆ ಜಾಲಿ ಮುಳ್ಳು ಬಡಿದರು. ಅವಳಿಂದ ಗುಳಿಗೆ ತಿಂದು ಎದ್ದವರೂ ಅವರಲ್ಲಿದ್ದರು. ಹುಬ್ಬಳ್ಳಿಯ ದವಾಖಾನೆಯಲ್ಲಿ ಅವಳು ತೀರಿಕೊಂಡಾಗ ಹೆಣ ಮನೆಗೆ ಕೊಡಲಿಲ್ಲ.

"ಹೂಳೋ ಜಾಗಾಕ್ಕ ಓಡಿದೆ. ಹಗ್ಗಾ ಕಟ್ಟಿದ್ರು. ಹಗ್ಗದ ಈ ಕಡೆ ನಿಂದರಿಸಿ, ಮುಗೀತು ನಡೀರಿ ಅಂದ್ರು. ಅಕಿನ್ನ ಯಾವ ಕುಣ್ಯಾಗ ಇಟ್ರು ಅಂತನೂ ಗೊತ್ತಾಗಲಿಲ್ಲ. ಕಟ್ಟಿಕೊಂಡ ಹೆಂಡತಿಗೆ ಒಂದು ಹಿಡಿ ಮಣ್ಣ ಹಾಕಾಕ ಆಗಲಿಲ್ರಿ ಅಕ್ಕೋರ." ಕುಡುಗೋಲು ಬದಿಗಿಟ್ಟು, "ಮಣ್ಣ ಕೊಡ್ತೀನಿ. ಆದ್ರ ನನ್ನ ಕೈಲೆನ ಹಾಕ್ತೀನಿ," ಎಂದ.

ಅಧ್ಯಕ್ಷರಿಗೆ ಫೋನು ಹಚ್ಚಿದೆ. "ಕರಕೊಂಡು ಬರ್ರಿ, ಅದಕ್ಕೇನು. ಮುಂದಿನ ಸಾಲಿನಾಗ ಕುರ್ಚಿ ಹಾಕಸ್ತೀನಿ," ಎಂದರು.

"ಮಣ್ಣ ಎಷ್ಟೊತ್ತಿಗ್ರಿ?" ಬಸಪ್ಪ ಕೇಳಿದ. ಸಾವಿನ ಮನೆಗೆ ಫೋನು ಮಾಡಿದವರು ಕೇಳುವುದೂ ಇದನ್ನೇ.

"ನಾಲ್ಕಕ್ಕ," ಎಂದೆ.

ಅವನು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಮಡಿ ಧೋತರ ಉಟ್ಟು, ಬಿಳಿ ಟೊಪ್ಪಿಗೆ ಹಾಕಿಕೊಂಡು ಬಂದ. ತಂಬಿಗೆ ಬೇಡವೆಂದ. ಅಂಗಳದ ಕಪ್ಪು ಮಣ್ಣನ್ನು ಅವಳ ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ, ಮೇಲೆ ನಾಲ್ಕು ಬಿಲ್ವಪತ್ರಿ ಇಟ್ಟ. ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವನು ದಾರಿಯಲ್ಲಿ ಒಂದೇ ಮಾತು ಕೇಳಿದ, ಅವಳ ಹೆಸರಿನ ಸಸಿ ಯಾವುದೆಂದು. ಬೇವು ಎಂದೆ. "ಛಲೋ ಆತು, ನೆರಳು ಕೊಡ್ತೈತಿ," ಎಂದ.

ನಾವು ತೋಟ ಮುಟ್ಟಿದಾಗ ನಾಲ್ಕಾಗಲು ಇನ್ನೂ ಹೊತ್ತಿತ್ತು. ಶಾಮಿಯಾನದ ಕುರ್ಚಿಗಳನ್ನು ಆಗಲೇ ಮಡಚುತ್ತಿದ್ದರು. ನೀಲವ್ವನ ಬೇವಿನ ಬುಡದಲ್ಲಿ ಕೆಂಪು ಮಣ್ಣಿತ್ತು. ತೋಟಕ್ಕೆಂದು ದುಮ್ಮವಾಡದ ಕಡೆಯಿಂದ ಟಿಪ್ಪರಿನಲ್ಲಿ ತರಿಸಿದ್ದು. ಸುತ್ತ ಹಸಿ ಸಿಮೆಂಟಿನಲ್ಲಿ ಅವಳ ಹೆಸರಿನ ಫಲಕ ಕೂರಿಸಿ, ಯಾರೂ ತುಳಿಯಬಾರದೆಂದು ಹಗ್ಗ ಕಟ್ಟಿದ್ದರು.

"ಉದ್ಘಾಟನೆಗೆ ಬಂದ ಸಾಹೇಬರಿಗೆ ಬ್ಯಾರೆ ಕಾರ್ಯಕ್ರಮ ಇತ್ರಿ, ಲಗೂ ಮುಗಿಸಿದ್ವಿ," ಎಂದರು ಅಧ್ಯಕ್ಷರು, ಕೊರಳಲ್ಲಿ ಇನ್ನೂ ಹಾರವಿತ್ತು. "ಇಲ್ಲಿದ್ದ ಮಣ್ಣನ ಒಂದು ತಂಬಿಗ್ಯಾಗ ತುಂಬಿ ಹಾಕಿಸಿದ್ವಿ. ಯಾವ ಮಣ್ಣಾದ್ರೇನು ಅಕ್ಕೋರ, ಎಲ್ಲಾ ಒಂದ ಅಲ್ಲೇನು?"

"ಹಂಗಾದ್ರ ನಿಮ್ಮ ಮನ್ಯಾಗ ಯಾರರ ಹೋದಾಗ ನೀವು ಬ್ಯಾರೆದವರ ಮಣ್ಣಿಗೆ ಹೋಗಿ ಬರ್ರಿ. ಎಲ್ಲಾ ಒಂದ ಅಲ್ಲೇನು?" ಎಂದೆ ನಾನು. ಅವರು ಫೋನಿನಲ್ಲಿ ಬಂದ ಫೋಟೊ ನೋಡತೊಡಗಿದರು. ತಲೆಯೆತ್ತದೆಯೇ, ಸಿಮೆಂಟು ಒಣಗಿದ ಮೇಲೆ ಎಂದಾದರೂ ಬಂದು ಹಾಕಲಿ ಎಂದರು.

ಬಸಪ್ಪ ಹಗ್ಗದ ಹತ್ತಿರ ನಿಂತಿದ್ದ.

"ಅವತ್ತೂ ಹಗ್ಗದ ಈ ಕಡೆನ ನಿಂತಿದ್ದೆ," ಎಂದ. ಗಂಟನ್ನು ಇನ್ನೊಂದು ಸುತ್ತು ಬಿಗಿದು ಬಸ್‌ಸ್ಟ್ಯಾಂಡಿನ ಕಡೆ ನಡೆದ. ನಾನು ಅಲ್ಲಿಯತನಕ ಹೋದೆ. ಚಹಾ ಕುಡಿಯೋಣವೆಂದರೆ ಬೇಡವೆಂದ. ಗುಡಗೇರಿ ಬಸ್ಸಿನ ಕಿಟಕಿಯಲ್ಲಿ ಕಡೆಗೆ ಕಂಡದ್ದು ಅವನ ಟೊಪ್ಪಿಗೆ ಮಾತ್ರ.

ಖಾಲಿ ತಂಬಿಗೆ ಹಿಡಿದು ಮನೆಗೆ ಬಂದೆ. ಮಣ್ಣಿಗೆ ಹೋಗಿ ಬಂದವರು ಮೈಮೇಲೆ ನೀರು ಹಾಕಿಕೊಳ್ಳದೆ ಒಳಗೆ ಹೋಗಬಾರದು. ಗಂಗವ್ವ ನನ್ನ ಬಾಗಿಲ ಮುಂದೆ ಒಂದು ಬಕೆಟ್ಟು ನೀರು ತಂದಿಟ್ಟು ಕಾಯುತ್ತಿದ್ದಳು.

"ಮಣ್ಣ ಆತೇನ್ರಿ ಅಕ್ಕೋರ?"

"ಇಲ್ಲವ್ವಾ," ಎಂದೆ. "ಇನ್ನೂ ಆಗಿಲ್ಲ."